ಪಟದ ಬೆನ್ನಿಗಿದ್ದ ಪಲ್ಟನ್

ಅಥವಾ ಆ ಕೈಗೆ ಬಳೆಯೇ ಇರಲಿಲ್ಲವೋ ಏನೋ. ಇತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಹಸಿರು ಬಳೆ, ಐದೋ ಆರೋ. ಹೇಳಿದಷ್ಟು ಸಲವೂ ಅವು ಸ್ವಲ್ಪ ಸ್ವಲ್ಪ ಹೆಚ್ಚು ಹಸಿರಾಗಿವೆ, ನನಗೆ ಅನುಮಾನ ಬಂದದ್ದೇ ಅದರಿಂದ. ನಿಜವಾಗಿ ಕಂಡದ್ದು ವರ್ಷ ಕಳೆದಂತೆ ಮಾಸಬೇಕು, ನಮ್ಮ ಅಂಗಡಿಗೆ ಮತ್ತೆ ಕಟ್ಟು ಹಾಕಲು ಬರುವ ಹಳೆಯ ಮದುವೆ ಫೋಟೋಗಳ ಹಾಗೆ. ಬಣ್ಣ ಏರುತ್ತಿದೆ ಎಂದರೆ ಯಾರೋ ಕೂತು ಬಳಿಯುತ್ತಿದ್ದಾರೆ. ಆ ಯಾರೋ ನಾನೇ ಇರಬೇಕು.

ಕೈ ಮಾತ್ರ ಇತ್ತು ಎಂದಿಟ್ಟುಕೊಳ್ಳಿ. ಹುಮನಾಬಾದಿನ ಬಸ್ ಸ್ಟ್ಯಾಂಡು, ಹೈದರಾಬಾದಿಗೆ ಹೊರಟ ಬಸ್ಸು, ಬಾಗಿಲಲ್ಲಿ ಜನರ ನೂಕು, ಅದರ ನಡುವೆ ನನ್ನ ಅಣ್ಣ ಕಾಶಿನಾಥನ ಆಕಾಶ ಬಣ್ಣದ ಅಂಗಿ. ಅವನು ಫೌಜಿಗೆ ಸೇರಲು ಹೊರಟಿದ್ದ. ನಾನು ಬಸ್ಸಿನ ಮೇಲೆ ಹತ್ತಿ ಅವನ ಟ್ರಂಕು ಕಟ್ಟುತ್ತಿದ್ದೆ. ಮೇಲಿನಿಂದ ನೋಡುವಾಗ ಒಂದು ಕೈ ಹಿಂದಿನಿಂದ ಬಂದು ಆ ಅಂಗಿಯನ್ನು ಬೆನ್ನಿನ ಹತ್ತಿರ ಮುಷ್ಟಿಯಲ್ಲಿ ಹಿಡಿಯಿತು. ಅಣ್ಣ ತಿರುಗಲಿಲ್ಲ. ಭುಜ ಕೊಡವಿ ಒಳಗೆ ಹೋದ. ಆ ಕೈ ನಮ್ಮ ಅವ್ವನದು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನಂಥ ಸತ್ಯವಂತ ಇನ್ನೊಬ್ಬನಿಲ್ಲ ಎಂದು ನೀವು ನಂಬುತ್ತಿದ್ದಿರಿ. ಆದರೆ ಆ ಮಣಿಕಟ್ಟಿನ ಸುತ್ತ, ಬಳೆಗಳ ಹಿಂದೆ, ತೋಳಿನ ತುದಿಗೆ ಬಿಳಿ ಜಾಲರಿಯ ನೆರಿಗೆಯೊಂದು ನನಗೆ ಕಾಣುತ್ತದೆ. ಅವ್ವ ಜನ್ಮದಲ್ಲಿ ಜಾಲರಿಯ ಬಟ್ಟೆ ತೊಟ್ಟವಳಲ್ಲ. ಅವಳದು ಮೊಣಕೈಗೆ ಮುಗಿಯುವ ಖಣದ ಕುಪ್ಪಸ. ಹಾಗಾದರೆ ಜಾಲರಿ ಎಲ್ಲಿಂದ ಬಂತು? ಎಲ್ಲಿಂದ ಬಂತೆಂದು ನನಗೆ ಗೊತ್ತು, ತೊಂದರೆಯಾದದ್ದು ಅಲ್ಲಿಯೇ.

ನಮ್ಮದು ಬಸವಕಲ್ಯಾಣದಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಣಿಯ ಪರದೆ. ಈ ಊರಿನಲ್ಲಿ ಬಸವಣ್ಣನ ಪಟ ಖರ್ಚಾಗದ ದಿನವಿಲ್ಲ. ಊರು ನೋಡಲು ಬಂದವರು ಒಂದು ಒಯ್ಯುತ್ತಾರೆ, ಮನೆ ಕಟ್ಟಿಸಿದವರು ಒಂದು, ಮದುವೆಗೆ ಉಡುಗೊರೆ ಕೊಡುವವರು ಇನ್ನೊಂದು. ಒಯ್ದವರೆಲ್ಲ ಪಟದ ಮುಖ ನೋಡುತ್ತಾರೆ. ನಾನು ಪಟದ ಬೆನ್ನು ನೋಡುತ್ತ ಬೆಳೆದವನು. ಮೊದಲು ಗಾಜು, ಆಮೇಲೆ ಚಿತ್ರ, ಚಿತ್ರದ ಹಿಂದೆ ಮೆತ್ತೆಗೆಂದು ಒಂದು ದಪ್ಪ ಕಾಗದ, ಅದರ ಹಿಂದೆ ರಟ್ಟು, ಸುತ್ತ ಸಣ್ಣ ಮೊಳೆ, ಕೊನೆಗೆ ಎಲ್ಲವನ್ನೂ ಮುಚ್ಚಲು ಖಾಕಿ ಕಾಗದ.

ಅಪ್ಪ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು, ಆ ನಾಲ್ಕನ್ನೂ ಉರ್ದುವಿನಲ್ಲಿ ಓದಿದವನು. ಆದರೆ ಬೆನ್ನಿನ ವಿಷಯದಲ್ಲಿ ಅವನ ಶಾಸ್ತ್ರ ದೊಡ್ಡದು. ದೇವರ ಹಿಂದೆ ಸತ್ತವರ ಸುದ್ದಿಯಿರುವ ಪೇಪರು ಕೂಡದು, ಚಪ್ಪಲಿಯ ಜಾಹೀರಾತು ಕೂಡದು. ಮೆತ್ತೆಯ ಕಾಗದದ ಖಾಲಿ ಮಗ್ಗುಲು ದೇವರ ಕಡೆಗಿರಬೇಕು, ಏನಾದರೂ ಅಚ್ಚಾಗಿರುವ ಮಗ್ಗುಲು ಗೋಡೆಯ ಕಡೆಗಿರಬೇಕು. ಎಲ್ಲಕ್ಕಿಂತ ಗಟ್ಟಿಯಾದ ನಿಯಮವೆಂದರೆ ಕಾಗದ ಕೊಯ್ಯುವಾಗ ಬ್ಲೇಡು ಯಾರ ಮುಖದ ಮೇಲೂ ಹಾಯಬಾರದು. ಸಾಬೂನಿನ ಜಾಹೀರಾತಿನ ಹೆಣ್ಣಿನ ಮುಖವಾದರೂ ಸರಿ, ಅಪ್ಪ ಸ್ಕೇಲನ್ನು ಎರಡು ಬೆರಳು ಸರಿಸಿ ಕೊಯ್ಯುತ್ತಿದ್ದ. ಕಾಗದ ಗಿಡ್ಡವಾದರೆ ಖಾಕಿಯ ತುಂಡು ಹಚ್ಚುತ್ತಿದ್ದ.

ಅಂಟು ಸವರುವುದು ಅವ್ವನ ಕೆಲಸ. ಮೈದಾ ಕುದಿಸಿ, ಹುಳ ಹಿಡಿಯದಂತೆ ಮೈಲುತುತ್ತ ಹಾಕಿ ಅವಳೇ ಅಂಟು ಮಾಡುತ್ತಿದ್ದಳು. ಅವಳು ಎಡಚಿ. ದೇವರ ಪಟಕ್ಕೆ ಎಡಗೈಯಿಂದ ಅಂಟೇ ಎಂದು ಅಪ್ಪ ವರ್ಷಕ್ಕೊಮ್ಮೆಯಾದರೂ ಗೊಣಗುತ್ತಿದ್ದ. ಕೈ ನನ್ನದು, ಅಂಟೂ ನನ್ನದು, ತಕರಾರಿದ್ದರೆ ದೇವರೇ ಬಂದು ಹೇಳಲಿ ಎಂದು ಅವ್ವ ಸವರುವುದನ್ನು ನಿಲ್ಲಿಸುತ್ತಿರಲಿಲ್ಲ.

ಕಟ್ಟಿನ ಮರದ ಪಟ್ಟಿ, ಗಾಜು ತರಲು ಅಪ್ಪ ಹೈದರಾಬಾದಿಗೆ ಹೋದಾಗ ಅಲ್ಲಿಂದ ರದ್ದಿ ಕಾಗದದ ಗಂಟನ್ನೂ ತರುತ್ತಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಾಗೆ ಒಂದು ರಟ್ಟಿಲ್ಲದ ದೊಡ್ಡ ಪುಸ್ತಕ ಬಂತು. ಚಾದರದಷ್ಟು ಅಗಲದ ಹಾಳೆಗಳು (ಚಾದರ ಎನ್ನುವುದು ಹೆಚ್ಚಾಯಿತು, ಟವೆಲ್ ಎನ್ನೋಣ), ಮುಟ್ಟಿದರೆ ಬಟ್ಟೆಯಂತೆ ದಪ್ಪ, ಒಂದು ಮಗ್ಗುಲು ಪೂರ್ತಿ ಖಾಲಿ. ಅಪ್ಪನಿಗೆ ಹಬ್ಬ. ಇನ್ನೊಂದು ಮಗ್ಗುಲಿಗೆ ಚಿತ್ರ. ಮೂರು ಮೂಲೆಯ ಟೊಪ್ಪಿಗೆ ಹಾಕಿದ ಬಿಳಿಯ ಸಿಪಾಯಿಗಳು, ಹೆಂಡದಂಗಡಿಯ ಮುಂದೆ ನಗಾರಿ ಬಡಿಯುವವರು, ಕುಡಿದು ಬಿದ್ದ ಹಳ್ಳಿಗನ ಮುಷ್ಟಿಯೊಳಗೆ ನಾಣ್ಯ ತುರುಕುವ ಒಬ್ಬ, ಅವನ ಹಿಂದೆ ನಗುವ ಇನ್ನೊಬ್ಬ. ಅಡಿಯಲ್ಲಿ ಗೀಚಿದಂಥ ಇಂಗ್ಲಿಷು. ಎಲ್ಲರಿಗೂ ಮೂಗು ದೊಡ್ಡದು. ಅಪ್ಪ ಒಂದೊಂದಾಗಿ ಅವರನ್ನೆಲ್ಲ ಬಸವಣ್ಣನ ಬೆನ್ನಿಗೆ ಹಚ್ಚಿ ಕಳಿಸಿದ. ಮೋರಖಂಡಿಗೆ ನಾಲ್ಕು ಹೋದವು, ಚಿಟಗುಪ್ಪದ ಕಡೆಗೆ ಕೆಲವು. ದಿನವೂ ಊದಿನಕಡ್ಡಿಯ ಹೊಗೆ ಕುಡಿಯುತ್ತ, ಗೋಡೆಗೆ ಮುಖ ಮಾಡಿ, ಆ ಪಲ್ಟನ್ ಇಂದಿಗೂ ನಮ್ಮ ಸೀಮೆಯ ಮನೆಮನೆಯಲ್ಲಿ ನಿಂತಿದೆ.

ಒಂದು ಹಾಳೆಯನ್ನು ಮಾತ್ರ ಅಣ್ಣ ಕೊಡಲಿಲ್ಲ. ಅದು ಭರ್ತಿಯ ಚಿತ್ರ. ಎಡಗಡೆ ಎತ್ತರದ ಸಾರ್ಜೆಂಟು ಅಳತೆಯ ಕೋಲು ಹಿಡಿದು ನಿಂತಿದ್ದಾನೆ. ಅವನ ಮುಂದೆ ಭರ್ತಿಗೆ ಬಂದವರ ಸಾಲು. ಮೊದಲನೆಯವನ ಮೊಣಕಾಲುಗಳು ಒಂದಕ್ಕೊಂದು ಬಡಿಯುತ್ತವೆ. ಎರಡನೆಯವನು ಗೂನ. ಮೂರನೆಯವನ ಹೊಟ್ಟೆಯ ಮೇಲೆ ಅಂಗಿಯ ಗುಂಡಿ ಹಾರಿದೆ. ನಾಲ್ಕನೆಯವನು ಗಿಡ್ಡ, ಕೋಲಿಗೆ ಮುಟ್ಟಲೆಂದು ಹಿಮ್ಮಡಿ ಎತ್ತಿ, ಕುತ್ತಿಗೆ ಚಾಚಿ, ಉಸಿರು ಹಿಡಿದು ನಿಂತಿದ್ದಾನೆ. ಇಷ್ಟರವರೆಗೆ ನನ್ನ ನೆನಪಿಗೂ ಅಣ್ಣನ ನೆನಪಿಗೂ ತಕರಾರಿಲ್ಲ. ಬಲಗಡೆಯ ತುದಿ ಗಂಟಿನಲ್ಲಿ ಮಡಚಿಕೊಂಡು ಬಂದದ್ದರಿಂದ ಯಾವಾಗಲೂ ಸುರುಳಿ ಸುತ್ತಿಕೊಂಡೇ ಇರುತ್ತಿತ್ತು. ಅಲ್ಲೊಬ್ಬ ಐದನೆಯವನು ಇದ್ದ. ಅವನ ಹಿಂದೆ ಏನಿತ್ತು ಎಂಬುದರ ಮೇಲೆಯೇ ಈ ಪ್ರಬಂಧ ನಿಂತಿದೆ, ಅಥವಾ ಬೀಳುತ್ತದೆ.

ಅಣ್ಣ ಆಗ ಹತ್ತೊಂಬತ್ತು ಮುಟ್ಟಿದ್ದ, ನಾನು ಅವನಿಗಿಂತ ಒಂದು ವರ್ಷಕ್ಕೆ ಚಿಕ್ಕವನು. ಫೌಜಿಗೆ ಹೋಗಿಯೇ ಸಿದ್ಧ ಎಂದು ಅವನು ತೀರ್ಮಾನಿಸಿದ್ದ. ನನಗೆ ಸ್ವಂತ ತೀರ್ಮಾನವೆಂಬುದು ಇರಲಿಲ್ಲ, ಅವನದನ್ನೇ ತೊಟ್ಟುಕೊಂಡಿದ್ದೆ, ಅವನ ಹಳೆಯ ಪ್ಯಾಂಟುಗಳ ಹಾಗೆ. ಆ ಚಿತ್ರವನ್ನು ಅವನು ಹಿಂದಿನ ಕೋಣೆಯ ಗೋಡೆಗೆ ಹಚ್ಚಿದ. ನಗಲಿಕ್ಕಲ್ಲ, ಓದಲಿಕ್ಕೆ. ಫೌಜಿನವರೇ ಬರೆಯಿಸಿದ ತಪ್ಪುಗಳ ಪಟ್ಟಿ ಇದು, ಹೀಗೆಲ್ಲ ನಿಂತರೆ ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ ಎಂದು ತೋರಿಸಿದ್ದಾರೆ ಎಂಬುದು ಅವನ ವಿವರಣೆ. ನಾನೂ ನಂಬಿದೆ. ದಿನಾ ಬೆಳಿಗ್ಗೆ ಕೋಟೆಯ ಕಡೆಗೆ ಓಡಿ ಬಂದ ಮೇಲೆ ನಾವು ಆ ಹಾಳೆಯ ಮುಂದೆ ನಿಂತು ಒಬ್ಬೊಬ್ಬರ ತಪ್ಪನ್ನೂ ತಿದ್ದಿಕೊಳ್ಳುತ್ತಿದ್ದೆವು. ಮೊದಲನೆಯವನಂತೆ ಮೊಣಕಾಲು ಬಡಿಯಬಾರದು, ಮೂರನೆಯವನಂತೆ ಹೊಟ್ಟೆ ಬಿಡಬಾರದು. ಇಂಗ್ಲೆಂಡಿನಲ್ಲಿ ಯಾರೋ ಊರಿಗೆ ಊರೇ ನಗಲೆಂದು ಬರೆದದ್ದನ್ನು ನೋಡಿ ಬಸವಕಲ್ಯಾಣದ ಇಬ್ಬರು ಅಣ್ಣತಮ್ಮಂದಿರು ಎದೆ ಉಬ್ಬಿಸಿ ಉಸಿರು ಎಣಿಸುತ್ತಿದ್ದರು. ಬರೆದವನು ಕಂಡಿದ್ದರೆ ನಮಗಾಗಿ ಇನ್ನೊಂದು ಹಾಳೆ ಬರೆಯುತ್ತಿದ್ದ.

ಅವ್ವನಿಗೆ ಆ ಚಿತ್ರ ಕಂಡರಾಗುತ್ತಿರಲಿಲ್ಲ. ಅವಳ ತವರು ಗೋರ್ಟಾ. ನಿಜಾಮನ ರಜಾಕಾರರ ಕಾಲದಲ್ಲಿ ಅಲ್ಲಿ ನಡೆದ ಕೊಲೆಗಳನ್ನು ಆ ಊರಿನವರು ಮಕ್ಕಳನ್ನು ಕೂರಿಸಿಕೊಂಡು ಕತೆಯಾಗಿ ಹೇಳುವುದಿಲ್ಲ. ಅವ್ವ ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಅವಳ ತಾಯಿ, ಅಂದರೆ ನಮ್ಮ ಆಯಿ, ಸಾಯುವವರೆಗೂ ಬೂಟಿನ ಸಪ್ಪಳ ಕೇಳಿದರೆ ಉರಿಯುವ ಒಲೆಗೆ ನೀರು ಸುರಿಯುತ್ತಿದ್ದಳಂತೆ, ಹೊಗೆ ನೋಡಿ ಮನೆಯೊಳಗೆ ಜನರಿದ್ದಾರೆಂದು ಹೊರಗಿನವರಿಗೆ ತಿಳಿಯಬಾರದೆಂದು. ಆ ಒಲೆಯ ಮುಂದೆ ಬೆಳೆದವಳು ಅವ್ವ. ಫೌಜು ಬೇರೆ, ಆ ಜನ ಬೇರೆ, ಫೌಜು ಬಂದದ್ದರಿಂದಲೇ ಅವರು ಓಡಿದ್ದು ಎಂದು ಅಣ್ಣ ಎಷ್ಟು ಸಲ ಹೇಳಿದನೋ. ಅವ್ವ ಖಾಕಿ ಕಾಗದಕ್ಕೆ ಅಂಟು ಸವರುತ್ತಲೇ ಕೇಳುತ್ತಿದ್ದಳು. ಕೊನೆಗೆ ಒಂದು ದಿನ ಹೇಳಿದ್ದು ಇಷ್ಟು:

"ಬೂಟು ಯಾರದರ ಇರ್ಲಿ ಕಾಶ್ಯಾ, ಸಪ್ಪಳ ಒಂದೇ. ನೀ ಹೋಗ್ತಿ ಅಂದ್ರ ಹೋಗು. ಕಳಿಸಿಕೊಡಾಕ ನಾ ಹೊಸ್ತಿಲು ದಾಟಂಗಿಲ್ಲ."

"ದಾಟಬ್ಯಾಡ," ಎಂದ ಅಣ್ಣ.

ಇಬ್ಬರದೂ ಒಂದೇ ಹಟ, ಒಂದೇ ಅಚ್ಚಿನಿಂದ ತೆಗೆದದ್ದು. ಅಪ್ಪ ಪರದೆಯ ಆಚೆ ಮೊಳೆ ಬಡಿಯುವುದನ್ನು ಜೋರು ಮಾಡಿದ.

ಭರ್ತಿಯ ದಿನ ಹುಮನಾಬಾದಿನ ಮೈದಾನದಲ್ಲಿ ನಸುಕಿನಿಂದಲೇ ಸಾಲು. ಚಡ್ಡಿಯ ಮೇಲೆ ನಿಂತ ಅಷ್ಟೊಂದು ಹುಡುಗರನ್ನು ನಾನು ಒಟ್ಟಿಗೆ ಕಂಡದ್ದು ಅದೇ ಮೊದಲು. ತೂಕ ಕಡಿಮೆಯಿದ್ದವರು ಬಾಳೆಹಣ್ಣು ತಿಂದು ನೀರು ಕುಡಿಯುತ್ತಿದ್ದರು. ಕೋಲಿನ ಮುಂದೆ ನನ್ನ ಪಾಳಿ ಬಂದಾಗ, ಇಷ್ಟು ತಿಂಗಳು ಪಾಠ ಮಾಡಿಕೊಂಡಿದ್ದೆನಲ್ಲ, ಅದೆಲ್ಲ ಮರೆತು ಹಿಮ್ಮಡಿ ಎತ್ತಿದೆ. ಕುತ್ತಿಗೆ ಚಾಚಿದೆ, ಉಸಿರು ಹಿಡಿದೆ. ಅಳೆಯುವ ಹವಾಲ್ದಾರ ನನ್ನ ಕಾಲು ನೋಡಲೇ ಇಲ್ಲ. ನನ್ನ ನೆತ್ತಿಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದ, ತೆರೆದ ಡಬ್ಬಿಗೆ ಮುಚ್ಚಳ ಹಾಕುವ ಹಾಗೆ. ನಾನು ಎರಡು ಬೆರಳು ಕೆಳಗಿಳಿದೆ. "ಇನ್ನೂ ಬೆಳೀಬೇಕು ಬೇಟಾ," ಎಂದ. ನಾನು ಆಮೇಲೆ ಬೆಳೆಯಲಿಲ್ಲ. ಸಾಲಿನಿಂದ ಹೊರಗೆ ನಿಂತು ನೋಡಿದರೆ ಅಣ್ಣ ಎದೆ ಉಬ್ಬಿಸಿ ನಿಂತಿದ್ದ, ಒಂದೇ ಒಂದು ತಪ್ಪಿಲ್ಲದೆ. ಆ ಚಿತ್ರದಲ್ಲಿ ಅವನಿಗೆ ಜಾಗವೇ ಇರಲಿಲ್ಲ. ನನ್ನ ಜಾಗ ನಾಲ್ಕನೆಯದು.

ಕೆಲವು ತಿಂಗಳಿಗೆ ಅವನಿಗೆ ಕರೆ ಬಂತು. ಹೊರಡುವ ದಿನ ಅವ್ವ ಮಾತಿಗೆ ತಪ್ಪಲಿಲ್ಲ. ಅಣ್ಣ ಕಾಲು ಮುಟ್ಟಲು ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ಹಿಟ್ಟು ಎಂದಳು, ಏಳಲಿಲ್ಲ. ಅಪ್ಪನಿಗೆ ಜ್ವರ. ನಾನೊಬ್ಬನೇ ಹುಮನಾಬಾದಿನವರೆಗೆ ಹೋದೆ. ಅಲ್ಲಿ ನಡೆದದ್ದನ್ನು, ಅಥವಾ ನಡೆಯದಿದ್ದದ್ದನ್ನು, ಆಗಲೇ ಹೇಳಿದ್ದೇನೆ. ಟ್ರಂಕು ಕಟ್ಟಿ ಕೆಳಗಿಳಿಯುವಷ್ಟರಲ್ಲಿ ಅವ್ವ ಎಲ್ಲೂ ಕಾಣಲಿಲ್ಲ. ನಾನು ಬಸ್ ಸ್ಟ್ಯಾಂಡಿನಲ್ಲಿ ಚಹ ಕುಡಿದು, ಒಂದು ಬಸ್ಸು ತಪ್ಪಿಸಿಕೊಂಡು, ಮಧ್ಯಾಹ್ನ ದಾಟಿದ ಮೇಲೆ ಮನೆ ಸೇರಿದೆ. ಅವ್ವ ಒಲೆಯ ಮುಂದೆ ಅದೇ ಜಾಗದಲ್ಲಿ ಕೂತಿದ್ದಳು. ಬಸ್ಸಿನಲ್ಲಿ ಜಾಗ ಸಿಕ್ಕಿತೇ ಎಂದು ಕೇಳಿದಳು. ನೀನೂ ಬಂದಿದ್ದೆಯಲ್ಲ ಎಂದು ನಾನು ಕೇಳಲಿಲ್ಲ. ಹದಿನೆಂಟರ ಗಂಡಸು ಅವ್ವನನ್ನು ಅಂಥದ್ದೆಲ್ಲ ಕೇಳುವುದಿಲ್ಲ ಎಂದು ಆಗ ತಿಳಿದಿದ್ದೆ. ಕೇಳಿದ್ದರೆ ಈ ಹತ್ತು ಹನ್ನೆರಡು ವರ್ಷದ ತಾಪತ್ರಯ ತಪ್ಪುತ್ತಿತ್ತು.

ತಾಪತ್ರಯವೇನೆಂದರೆ, ಅಣ್ಣ ಅದನ್ನು ಮರೆಯಲಿಲ್ಲ. ರಜೆಗೆ ಬರುತ್ತಿದ್ದ, ಅವ್ವನಿಗೆ ಶಾಲು, ಅಪ್ಪನಿಗೆ ಕ್ಯಾಂಟೀನಿನ ಕಂಬಳಿ ತರುತ್ತಿದ್ದ. ಅವ್ವ ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಪರಸ್ಪರ ಎಷ್ಟು ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರೆಂದರೆ ನನಗೆ ಎದ್ದು ಹೊರಗೆ ಹೋಗಬೇಕು ಅನಿಸುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು, ಒಂದು ರಜೆಯಲ್ಲಿ ಅವನು ಅಂಗಡಿಯಲ್ಲಿ ಕೂತು, ಇನ್ನು ಮೂರು ವರ್ಷಕ್ಕೆ ತನ್ನ ಸೇವೆ ಮುಗಿಯುತ್ತದೆ, ಆಮೇಲೆ ಪುಣೆಯಲ್ಲಿ ಮನೆ ಮಾಡುತ್ತೇನೆ, ಹೆಂಡತಿಯ ಕಡೆಯವರು ಅಲ್ಲಿದ್ದಾರೆ ಎಂದ. ಇಲ್ಲಿಗೆ ಯಾಕೆ ಬರುವುದಿಲ್ಲ ಎಂದು ಕೇಳಿದೆ. ಹೋಗುವಾಗ ಹೊಸ್ತಿಲವರೆಗೂ ಬರದ ಮನೆಗೆ ತಿರುಗಿ ಯಾಕೆ ಬರಲಿ ಎಂದ. ಹಾಸ್ಯಕ್ಕೆ ಅಂದವನಂತೆ ನಕ್ಕ. ನಗು ಚೆನ್ನಾಗಿರಲಿಲ್ಲ.

ನಾನು ಆಗ ಹೇಳಿಬಿಟ್ಟೆ. ಅವ್ವ ಬಂದಿದ್ದಳು, ನಿನ್ನ ಅಂಗಿ ಹಿಡಿದಿದ್ದಳು, ನಾನು ಮೇಲಿನಿಂದ ನೋಡಿದೆ ಎಂದೆ. ಹಸಿರು ಬಳೆ ಹೇಳಿದೆ. ಉತ್ಸಾಹದಲ್ಲಿ ಜಾಲರಿಯನ್ನೂ ಹೇಳಿದೆ.

ಅಣ್ಣ ಕೈಯಲ್ಲಿದ್ದ ಪಟ್ಟಿಯ ತುಂಡನ್ನು ಕೆಳಗಿಟ್ಟ. "ಜಾಲರಿ ಹಾಕ್ಕೊಂಡಾಕಿ ಆ ಚಿತ್ರದಾಗಿನ ಹೆಣ್ಣುಮಗಳೋ ಸಂಗ್ಯಾ," ಎಂದ. "ಐದನೇದಾಂವನ ಕೋಟು ಹಿಂದಿಂದ ಹಿಡದ ನಿಂತಿದ್ಳಲ್ಲ. ಅವ್ವ ಅಲ್ಲ."

ಆ ಚಿತ್ರದಲ್ಲಿ ಹೆಣ್ಣು ಇರಲೇ ಇಲ್ಲ ಎಂದು ನಾನು ವಾದಿಸಿದೆ. ಇದ್ದಳು ಎಂದು ಅವನು. ಅಂಗಡಿಗೆ ಬಂದ ಗಿರಾಕಿ ಯಾವ ಹೆಣ್ಣಿನ ಮಾತು ಎಂದು ಕುತೂಹಲದಿಂದ ಕುರ್ಚಿ ಎಳೆದು ಕೂತ. ಅವ್ವನನ್ನೇ ಕೇಳೋಣವೆಂದು ಒಳಗೆ ಹೋದೆ. ಅವಳು ತಲೆ ಎತ್ತಲಿಲ್ಲ. ನಾನೆಲ್ಲಿ ಬಂದಿದ್ದೆ, ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ ಎಂದಳು. ಅದು ಸತ್ಯವಿರಬಹುದು. ಹೊಸ್ತಿಲು ದಾಟುವುದಿಲ್ಲ ಎಂದು ಆಡಿದ ಮಾತನ್ನು ಉಳಿಸಿಕೊಳ್ಳುವವಳ ಉತ್ತರವೂ ಅದೇ ಆಗಿರುತ್ತದೆ. ಎರಡನ್ನೂ ಬಿಡಿಸಿ ನೋಡುವ ಉಪಾಯ ನನಗೆ ತಿಳಿಯಲಿಲ್ಲ.

ಅಣ್ಣ ರಜೆ ಮುಗಿಸಿ ಹೋದ. ನಾನು ಗಟ್ಟಿ ಮಾಡಿಕೊಂಡೆ. ಆ ಹಾಳೆಯನ್ನು ಹುಡುಕಬೇಕು. ಐದನೆಯವನ ಹಿಂದೆ ಹೆಣ್ಣಿಲ್ಲದಿದ್ದರೆ ಬಸ್ ಸ್ಟ್ಯಾಂಡಿನ ಕೈ ನಿಜವಾದದ್ದು, ಅವ್ವ ಬಂದದ್ದು ನಿಜ, ಅಣ್ಣ ತಿರುಗಿ ಊರಿಗೆ ಬರಲೇಬೇಕು. ಹೆಣ್ಣಿದ್ದರೆ ನಾನು ಸುಳ್ಳ. ನನ್ನ ಅಳತೆಯ ಕೋಲು ಇಷ್ಟು ಸರಳವಾಗಿತ್ತು. ಈ ಸಲ ಹಿಮ್ಮಡಿ ಎತ್ತುವುದಿಲ್ಲ ಎಂದೂ ನಿಶ್ಚಯಿಸಿದೆ.

ಅಪ್ಪನಿಗೆ ಕಣ್ಣು ಮಂಜಾಗಿತ್ತು, ಕಟ್ಟುಗಳ ನೆನಪು ಮಂಜಾಗಿರಲಿಲ್ಲ. ಯಾರಿಗೆ ಮಾರಿದೆ ಎಂದರೆ ಹೆಸರು ಹೇಳಲಾರ, ಯಾವ ಪಟಕ್ಕೆ ಯಾವ ಪಟ್ಟಿ ಎಂದರೆ ಹೇಳಬಲ್ಲ. ಆ ಭರ್ತಿಯ ಹಾಳೆ ಕೊಡಂಬಲದ ಒಂದು ಮನೆಯ ದೊಡ್ಡ ಬಸವಣ್ಣನಿಗೆ ಹೋಯಿತು, ಬಂಗಾರದ ಬಣ್ಣದ ಅಗಲ ಪಟ್ಟಿ, ಆ ದಿನ ದಪ್ಪ ಕಾಗದ ಮುಗಿದಿತ್ತು ಎಂದ. ಆಮೇಲೆ, ಮರೆತದ್ದನ್ನು ಸೇರಿಸುವವನಂತೆ, "ನಿಮ್ಮವ್ವನೇ ಗ್ವಾಡಿಯಿಂದ ಕಿತ್ತು ತಂದು ಕೊಟ್ಳು. ಕಾಶಿ ಹೋದ ಮರುದಿನ," ಎಂದ.

ಕೊಡಂಬಲಕ್ಕೆ ಹೋಗುವ ಮೊದಲು ಹುಮನಾಬಾದಿನಲ್ಲಿ ಇತಿಹಾಸ ಕಲಿಸುವ ಗೆಳೆಯ ದೇವೀಂದ್ರನನ್ನು ಕಂಡೆ. ನಾನು ಚಿತ್ರ ವರ್ಣಿಸಿದಷ್ಟೂ ಅವನ ಮುಖ ಅರಳಿತು. ಇನ್ನೂರು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ ಕುಚೋದ್ಯದ ಚಿತ್ರಗಳು ಅವು, ಅಸಲಿನಿಂದ ಆಮೇಲೆ ಯಾರೋ ಪುಸ್ತಕವಾಗಿ ಅಚ್ಚು ಹಾಕಿರಬೇಕು ಎಂದ. ಕುಡಿಸಿ, ಪುಸಲಾಯಿಸಿ, ಸಿಕ್ಕಸಿಕ್ಕವರನ್ನು ಸೈನ್ಯಕ್ಕೆ ಎಳೆದುಕೊಳ್ಳುತ್ತಿದ್ದ ಕಾಲವಂತೆ. ನಗು ಆ ಬಡ ಗೂನನ ಮೇಲೆ ಅಲ್ಲ, ಕೋಲು ಹಿಡಿದವನ ಮೇಲೆ, ಕೆಲವು ಚಿತ್ರಗಳಲ್ಲಿ ಇಬ್ಬರ ಮೇಲೂ. ಕೊಳ್ಳಲು ಆಗದವರು ಅಂಗಡಿಯ ಗಾಜಿನ ಹೊರಗೆ ಗುಂಪುಗೂಡಿ ನೋಡಿ ನಗುತ್ತಿದ್ದರಂತೆ. ನಮ್ಮಲ್ಲಿ ಗಾಜು ದೇವರ ಮುಂದಿತ್ತು, ನಗು ಗೋಡೆಯ ಕಡೆಗಿತ್ತು. ಹೊರಡುವ ಗಂಡನನ್ನೋ ಮಗನನ್ನೋ ಹಿಂದಿನಿಂದ ಜಗ್ಗುವ ಹೆಣ್ಣು ಇಂಥ ಚಿತ್ರಗಳಲ್ಲಿ ಬಹಳ ಸಲ ಇರುತ್ತಾಳೆ ಎಂದು ಅವನು ಹೇಳಿದಾಗ ನನ್ನ ಮುಖ ಇಳಿದಿರಬೇಕು, ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದ: ಜೇಬಿಗೆ ಕೈ ಹಾಕುವ ಕಳ್ಳನೂ ಇರುತ್ತಾನೆ.

ಕೊಡಂಬಲದ ಆ ಮನೆಯ ಯಜಮಾನಿ ಗುರಮ್ಮ ಆಯಿ. ನಾನು ಜಾಣತನ ಮಾಡಿ, ಹಳೆಯ ಗಿರಾಕಿಗಳಿಗೆ ಗಾಜು ಬದಲಿಸಿ ಕೊಡುತ್ತಿದ್ದೇವೆ ಎಂದೆ. ಗಾಜಿಗೇನಾಗಿದೆ ಎಂದು ಅವಳು. ಗಾಜಿಗೆ ಏನೂ ಆಗಿರಲಿಲ್ಲ, ಲಕಲಕ ಹೊಳೆಯುತ್ತಿತ್ತು. ಕೊನೆಗೆ ನಿಜ ಹೇಳಿದೆ. ಪಟದ ಹಿಂದಿನ ಕಾಗದ ನೋಡಬೇಕು ಎಂದೆ.

"ದೇವರ ಮುಖ ನೋಡಾಕ ಬರ್ತಾರ," ಎಂದಳು ಆಯಿ. "ಬೆನ್ನು ನೋಡಾಕ ಬಂದಾಂವ ನೀನೇ ಮೊದಲನೇದಾಂವ ನೋಡಪ್ಪ. ಹೋಗು. ನಿಮ್ಮವ್ವನ್ನ ಕರಕೊಂಡು ಬಾ. ಆಕಿ ಕೈಯಿಂದ ಬಿಚ್ಚಲಿ, ಆಕಿ ಕೈಯಿಂದ ಹಚ್ಚಲಿ."

ಅಂಟು ಹಚ್ಚಿದವಳು ಅವ್ವ ಎಂದು ಅವಳಿಗೆ ಹೇಗೆ ಗೊತ್ತಿತ್ತೋ. ಅವ್ವ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಹೇಳಿದಾಗ ಏನೂ ಕೇಳದೆ ಅಂಟಿನ ಡಬ್ಬಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಿಟಗುಪ್ಪದ ಕಡೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನಾನು ಅತ್ತಿತ್ತ ನೋಡುತ್ತಿರುವಾಗ ಅವಳು ನನಗಿಂತ ಮುಂದೆ ನಡೆದು ಸರಿಯಾದ ಜಾಗದಲ್ಲಿ ನಿಂತಳು. ಇದಕ್ಕೆ ನಾನು ಅರ್ಥ ಹಚ್ಚುವುದಿಲ್ಲ. ಹುಮನಾಬಾದಿನ ಬಸ್ ಸ್ಟ್ಯಾಂಡಿಗೆ ಯಾರಾದರೂ ಯಾವಾಗಲಾದರೂ ಬಂದಿರಬಹುದು.

ಗುರಮ್ಮ ಆಯಿ ಪಟ ಇಳಿಸುವ ಮೊದಲು ಪೂಜೆ ಮಾಡಿದಳು. ಕಂಬಳಿ ಹಾಸಿ ಬಸವಣ್ಣನನ್ನು ಬೋರಲು ಮಲಗಿಸಿದೆವು. ಅವ್ವ ಖಾಕಿ ಕಾಗದಕ್ಕೆ ನೀರು ಸವರಿ ನೆನೆಸಿ, ಹರಿಯದಂತೆ ಬಿಡಿಸಿದಳು. ನಾನು ಮೊಳೆ ಕಿತ್ತೆ, ರಟ್ಟು ಎತ್ತಿದೆ.

ಸಾರ್ಜೆಂಟು ಇದ್ದ. ಕೋಲು ಇತ್ತು. ಮೊಣಕಾಲಿನವನು, ಗೂನ, ಹೊಟ್ಟೆಯವನು, ನಾನು. ಹನ್ನೆರಡು ವರ್ಷ ಒಬ್ಬರೂ ಕದಲದೆ ನಿಂತಿದ್ದರು. ಐದನೆಯವನು ಎದೆ ಸೆಟೆಸಿ, ಮುಖ ಮುಂದೆ ಮಾಡಿ ನಿಂತಿದ್ದ. ಅವನನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಅವನ ಬೆನ್ನಿಗೆ ಒಂದು ಕೈ. ಕೋಟಿನ ಬಾಲ ಹಿಡಿದ ಮುಷ್ಟಿ, ಮುಷ್ಟಿಯ ಹಿಂದೆ ಬಿಳಿ ಜಾಲರಿ, ಜಾಲರಿಯ ಹಿಂದೆ ಅಪ್ಪನ ಬ್ಲೇಡಿನ ಅಂಚು. ಅಲ್ಲಿಗೆ ಕಾಗದ ಮುಗಿದಿತ್ತು. ಕಟ್ಟಿನ ಅಂಚಿಗೆ ಇನ್ನೂ ಎರಡು ಬೆರಳು ಜಾಗ ಉಳಿದಿತ್ತು, ಅದಕ್ಕೆ ಖಾಕಿಯ ತುಂಡು ಹಚ್ಚಲಾಗಿತ್ತು.

ಎರಡು ಬೆರಳು ಎಂದರೆ ನನಗೆ ಅರ್ಥವಾಯಿತು. ಬ್ಲೇಡು ಹಾಯಬೇಕಾದ ಜಾಗದಲ್ಲಿ ಒಂದು ಮುಖವಿತ್ತು. ಅಪ್ಪ ಆ ಮುಖವನ್ನು ಉಳಿಸಲೆಂದು ಸ್ಕೇಲು ಸರಿಸಿದ, ಉಳಿಸಿದ ಮುಖ ತುಂಡಿನೊಂದಿಗೆ ಎಲ್ಲಿಗೋ ಹೋಯಿತು. ಆಮೇಲೆ ಮನೆಗೆ ಬಂದು ಕೇಳಿದಾಗ ಅಪ್ಪ, ಹಾಗಾದರೆ ಮುಖ ಇದ್ದಿರಲೇಬೇಕು ಎಂದ. ಗಂಡಸಿನದೋ ಹೆಂಗಸಿನದೋ ಎಂದರೆ, ಮುಖ ಅಂದರೆ ಮುಖ ಎಂದ. ಜಾಲರಿಯ ವಿಷಯ ದೇವೀಂದ್ರನನ್ನೂ ಕೇಳಿದೆ. ಆ ಕಾಲಕ್ಕೆ ಗಂಡಸರೂ ತೋಳಿನ ತುದಿಗೆ ಜಾಲರಿ ಹಾಕುತ್ತಿದ್ದರು ಎಂದ. ನನ್ನ ಕೋಲು ಅಲ್ಲಿಗೆ ಮುರಿಯಿತು.

ಗುರಮ್ಮ ಆಯಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಿದ್ದಳು. ಕುಂಟರು, ಗೂನರು, ಬಡವರು, ಸಾಲಾಗಿ ನಿಂತವರು, ಮುಂದೆ ಕೋಲು ಹಿಡಿದ ಒಬ್ಬ ಹಿರಿಯ. ಅವಳಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

"ದಾಸೋಹಕ್ಕ ನಿಂತಾರ ಪಾಪ," ಎಂದಳು. "ಹಾಂಗೇ ಇಡ್ರಿ. ಇಷ್ಟು ವರ್ಷ ನನ್ನ ಪೂಜಿ ಉಂಡಾರ, ಈಗ ಹ್ಯಾಂಗ ಹೊರಗ ಹಾಕ್ಲಿ?"

ಹಾಳೆಯನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವ್ವ ಆ ಕೈಯನ್ನೇ ನೋಡುತ್ತಿದ್ದಳು. ಬೆರಳಿನಿಂದ ಆ ಮುಷ್ಟಿಯನ್ನು ಒಂದು ಸಲ ಮುಟ್ಟಿದಳು, ಅಂಟು ಒಣಗಿದೆಯೇ ಎಂದು ನೋಡುವ ಹಾಗೆ.

"ಹಿಂಗ ಹಿಡದ್ರ ನಿಂದರ್ತಾರೇನು," ಎಂದಳು.

ನಾನು ಅವಳ ಮುಖ ನೋಡಿದೆ. ಅವಳು ಆಗಲೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ರಟ್ಟು ಇಡು ಎಂದಳು. ಇಟ್ಟೆ. ಮೊಳೆ ಬಡಿದೆ. ಅವಳು ಹೊಸ ಖಾಕಿಗೆ ಅಂಟು ಸವರಿ, ಮೂಲೆ ಒತ್ತಿ ಮುಚ್ಚಿದಳು. ಬಸವಣ್ಣ ಗೋಡೆಗೆ ಹೋದ. ಗುರಮ್ಮ ಆಯಿ ನಮಗೆ ಜೋಳದ ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು. ಅವ್ವ ಎರಡು ರೊಟ್ಟಿ ಉಂಡಳು, ಅವಳು ಹೊರಗೆ ಎಲ್ಲೂ ಅಷ್ಟು ಉಣ್ಣುವವಳಲ್ಲ.

ಮರುದಿನ ಎಸ್‌ಟಿಡಿ ಬೂತಿನಿಂದ ಅಣ್ಣನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಹೆಣ್ಣು ಇರಲಿಲ್ಲ ಎನ್ನಲಾರೆ, ಇದ್ದಳು ಎನ್ನಲೂ ಆರೆ, ಕೈ ಇತ್ತು ಎಂದೆ. ಜಾಲರಿ ಅಲ್ಲಿಯದೇ, ಅದನ್ನು ನಾನು ಅವ್ವನಿಗೆ ತೊಡಿಸಿದ್ದೆ, ಒಪ್ಪಿಕೊಂಡೆ ಎಂದೆ. ಅವ್ವ ಆಡಿದ ಮಾತನ್ನೂ ಅವಳು ಅಂದ ಹಾಗೆಯೇ ಹೇಳಿದೆ.

"ಸಂಗ್ಯಾ," ಎಂದ ಅಣ್ಣ. "ಚಿತ್ರದಾಗ ಹಿಡದಿದ್ದು ಎಡಗೈಯೋ, ಬಲಗೈಯೋ?"

ಎಡಚಿ ಅವ್ವನ ಮಗ ಅವನು, ಯಾಕೆ ಅದನ್ನು ಕೇಳಿದ? ಚಿತ್ರದ ಕೈ ಯಾವುದೆಂದು ಅವನಿಗೆ ನೆನಪಿರಲಿಲ್ಲವೇ, ಅಥವಾ ತನ್ನ ಬೆನ್ನಿಗೆ ಬಿದ್ದ ಕೈ ಯಾವುದೆಂದು ನೆನಪಿತ್ತೇ? ಕೇಳಬೇಕೆಂದು ಬಾಯಿ ತೆರೆದೆ. ಅದಕ್ಕೆ ಮೊದಲು ಅವನ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು.

ನಾನು ನೋಡಿರಲಿಲ್ಲ. ಆ ಹಾಳೆಗಾಗಿ ಅಷ್ಟು ಊರು ತಿರುಗಿ, ಅದರ ಮುಂದೆ ಮಂಡಿಯೂರಿ ಕೂತು, ಜಾಲರಿ ನೋಡಿದೆ, ಅಂಚು ನೋಡಿದೆ, ಎರಡು ಬೆರಳು ಅಳೆದೆ, ಕೈ ಎಡವೋ ಬಲವೋ ನೋಡಲಿಲ್ಲ. ಅವ್ವನನ್ನು ಕೇಳಿದೆ, ತಾನೂ ನೋಡಲಿಲ್ಲ ಎಂದಳು. ಅಣ್ಣನ ಸೇವೆ ಇನ್ನೂ ಮುಗಿದಿಲ್ಲ. ಪುಣೆಯ ಮನೆಯ ಮಾತನ್ನು ಅವನು ಆಮೇಲೆ ಎತ್ತಿಲ್ಲ, ಬಿಟ್ಟೆನೆಂದೂ ಹೇಳಿಲ್ಲ. ಆ ದಿನ ಹುಮನಾಬಾದಿನಲ್ಲಿ ಅವನ ಅಂಗಿ ಹಿಡಿದದ್ದು ಯಾರು, ಅಥವಾ ಯಾರಾದರೂ ಹಿಡಿದಿದ್ದರೇ, ನನಗೆ ಗೊತ್ತಿಲ್ಲ.